ನರಸಿಂಹರಾಜು (ಹಾಸ್ಯನಟ)

ತಿಪಟೂರು ರಾಮರಾಜು ನರಸಿಂಹರಾಜು (1923–1979) ಕನ್ನಡ ವೃತ್ತಿರಂಗಭೂಮಿ ಹಾಗೂ ಚಲನಚಿತ್ರರಂಗದ ಪ್ರಸಿದ್ಧ ಹಾಸ್ಯನಟರು. ನಾಲ್ಕನೆಯ ವಯಸ್ಸಿಗೇ ನಾಟಕ ಕಂಪನಿ ಸೇರಿ ಬಾಲನಟರಾಗಿ ದುಡಿಯಲಾರಂಭಿಸಿದ ಇವರು 1954ರಲ್ಲಿ ತೆರೆಕಂಡ ಬೇಡರ ಕಣ್ಣಪ್ಪ ಚಿತ್ರದ ಮೂಲಕ ಚಲನಚಿತ್ರರಂಗವನ್ನು ಪ್ರವೇಶಿಸಿದರು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಕನ್ನಡಿಗರು ಇವರನ್ನು ಹಾಸ್ಯ ಚಕ್ರವರ್ತಿ ಎಂಬ ಬಿರುದಿನಿಂದ ಗುರುತಿಸುತ್ತಾರೆ. ತೆಳ್ಳನೆಯ ದೇಹ, ಮುಂದಕ್ಕೆ ಚಾಚಿದ ಹಲ್ಲುಗಳು, ಅಗಲವಾದ ಕಣ್ಣುಗಳು ಮತ್ತು ಚುರುಕಾದ ಮಾತು ಇವರ ಗುರುತುಗಳಾಗಿದ್ದವು.

ಜನನ ಮತ್ತು ಬಾಲ್ಯ

ನರಸಿಂಹರಾಜು ಅವರು 1923ರ ಜುಲೈ 24ರಂದು ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಜನಿಸಿದರು. ತಂದೆ ರಾಮರಾಜು ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ಅನುಕೂಲ ಹೆಚ್ಚಿರಲಿಲ್ಲ. ತೆಂಗಿನ ತೋಟಗಳಿಗೂ ಕೊಬ್ಬರಿ ವ್ಯಾಪಾರಕ್ಕೂ ಹೆಸರಾದ ತಿಪಟೂರು ರೈಲುಮಾರ್ಗದಲ್ಲಿದ್ದ ಊರು. ತುಮಕೂರು ಜಿಲ್ಲೆಯೆಂದರೆ ಆ ಕಾಲದ ಕನ್ನಡ ನಾಟಕ ಕಂಪನಿಗಳ ತವರು. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಅಷ್ಟು ಹೊತ್ತಿಗಾಗಲೇ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ನಾಡಿನಾದ್ಯಂತ ಹೆಸರು ಮಾಡಿತ್ತು. ಈ ಪರಿಸರದಲ್ಲಿ ಹಾಡುವ ಕಂಠವೂ ಚುರುಕು ಬುದ್ಧಿಯೂ ಇರುವ ಮಗುವನ್ನು ಕಂಪನಿಗೆ ಸೇರಿಸುವುದು ವಿಶೇಷ ಸಂಗತಿಯಾಗಿರಲಿಲ್ಲ. ಮನೆಯಲ್ಲಿ ಒಂದು ಹೊಟ್ಟೆಯ ಭಾರ ಕಡಿಮೆಯಾಗುತ್ತಿತ್ತು, ಮಗುವಿಗೆ ಒಂದು ವಿದ್ಯೆಯೂ ದೊರೆಯುತ್ತಿತ್ತು.

ನರಸಿಂಹರಾಜು ಅವರಿಗೆ ನಾಲ್ಕು ವರ್ಷವಾಗಿದ್ದಾಗ ಚಿಕ್ಕಪ್ಪ ಲಕ್ಷ್ಮೀಪತಿರಾಜು ಅವರನ್ನು ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಗೆ ಸೇರಿಸಿದರು. ಅಕ್ಷರಾಭ್ಯಾಸವೂ ಆಗಿರದ ವಯಸ್ಸದು. ಓರಗೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವ ಹೊತ್ತಿಗೆ ಇವರು ರಂಗದ ಮೇಲೆ ನಿಂತು ಹಾಡು ಮತ್ತು ಮಾತುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಮುಂದೆ ಚಿತ್ರರಂಗದಲ್ಲಿ ನೂರಾರು ಪುಟಗಳ ಸಂಭಾಷಣೆಯನ್ನು ನಿರಾಯಾಸವಾಗಿ ನಿಭಾಯಿಸಿದ ನೆನಪಿನ ಶಕ್ತಿಗೆ ತಳಹದಿ ಬಿದ್ದದ್ದು ಇಲ್ಲಿಯೇ ಎನ್ನಬಹುದು.

ಕಂಪನಿಯ ಹುಡುಗ

ಇಂದಿನ ವಿದ್ಯಾರ್ಥಿಗಳಿಗೆ ಕಂಪನಿ ನಾಟಕವೆಂದರೆ ಏನೆಂಬುದನ್ನು ಸ್ವಲ್ಪ ವಿವರಿಸದೆ ನರಸಿಂಹರಾಜು ಅವರ ಬಾಲ್ಯ ಅರ್ಥವಾಗುವುದಿಲ್ಲ. ಕಂಪನಿ ಎಂಬುದು ಊರಿಂದೂರಿಗೆ ಸಾಗುವ ಒಂದು ದೊಡ್ಡ ಸಂಸಾರ. ನಟರು, ಹಾರ್ಮೋನಿಯಂ ಮತ್ತು ತಬಲ ನುಡಿಸುವವರು, ಪರದೆ ಎಳೆಯುವವರು, ಬಣ್ಣ ಹಚ್ಚುವವರು, ಅಡಿಗೆಯವರು ಎಲ್ಲರೂ ಅದರಲ್ಲಿ ಸೇರಿರುತ್ತಿದ್ದರು. ಜಾತ್ರೆಯೋ ಸಂತೆಯೋ ನಡೆಯುವ ಊರಿನಲ್ಲಿ ತಗಡು, ಬಿದಿರು, ಗರಿಗಳಿಂದ ಥಿಯೇಟರು ಕಟ್ಟಿ ಕೆಲವು ವಾರ ಅಥವಾ ತಿಂಗಳು ಅಲ್ಲಿ ಕ್ಯಾಂಪ್ ಹಾಕುತ್ತಿದ್ದರು. ಹಗಲಿನಲ್ಲಿ ಜಟಕಾಗಾಡಿಯಲ್ಲಿ ವಾದ್ಯ ಬಾರಿಸುತ್ತಾ ಹ್ಯಾಂಡ್‌ಬಿಲ್ ಹಂಚುತ್ತಿದ್ದರು. ಮಧ್ಯಾಹ್ನ ಮೇಷ್ಟರ ಎದುರು ಸಂಗೀತ ಮತ್ತು ಮಾತಿನ ತಾಲೀಮು. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಮೊದಲಾಗುವ ನಾಟಕ ಮುಗಿಯುವಾಗ ಬೆಳಗಿನ ಜಾವ ಸಮೀಪಿಸಿರುತ್ತಿತ್ತು. ಪ್ರೇಕ್ಷಕರು ಮೆಚ್ಚಿ ಒನ್ಸ್ ಮೋರ್ ಎಂದು ಕೂಗಿದರೆ ಹಾಡನ್ನು ಮತ್ತೆ ಹಾಡಬೇಕು. ಮಳೆ ಹಿಡಿದರೆ ನಾಟಕ ನಿಲ್ಲುತ್ತಿತ್ತು, ನಾಟಕ ನಿಂತರೆ ಸಂಬಳವೂ ನಿಲ್ಲುತ್ತಿತ್ತು. ಕಲೆಕ್ಷನ್ ಇಲ್ಲದ ಕ್ಯಾಂಪಿನಲ್ಲಿ ಊಟಕ್ಕೇ ತತ್ವಾರವಾಗುತ್ತಿದ್ದುದನ್ನು ಆ ಕಾಲದ ಅನೇಕ ನಟರು ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಈ ಸಂಸಾರದಲ್ಲಿ ಮಕ್ಕಳು ಕೇವಲ ಅಲಂಕಾರಕ್ಕಿದ್ದವರಲ್ಲ. ಪೌರಾಣಿಕ ನಾಟಕಗಳೇ ಹೆಚ್ಚಾಗಿದ್ದ ಆ ದಿನಗಳಲ್ಲಿ ಒಳ್ಳೆಯ ಬಾಲನಟನೊಬ್ಬನಿದ್ದರೆ ಕಂಪನಿಯ ಗಲ್ಲಾಪೆಟ್ಟಿಗೆ ತುಂಬುತ್ತಿತ್ತು. ನರಸಿಂಹರಾಜು ಅವರು ಲೋಹಿತಾಶ್ವ, ಪ್ರಹ್ಲಾದ, ಮಾರ್ಕಂಡೇಯ, ಬಾಲಕೃಷ್ಣ ಮುಂತಾದ ಪಾತ್ರಗಳನ್ನು ವಹಿಸಿದರು. ಈ ಪಾತ್ರಗಳ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೃಷ್ಣನನ್ನು ಬಿಟ್ಟರೆ ಉಳಿದ ಮೂವರೂ ಸಾವಿನ ಬಾಯಿಗೆ ಬಿದ್ದ ಮಕ್ಕಳು. ಲೋಹಿತಾಶ್ವ ತಾಯಿಯೊಡನೆ ಕಾಶಿಯಲ್ಲಿ ಮಾರಾಟವಾಗಿ, ಒಡೆಯನ ಕೆಲಸಕ್ಕೆಂದು ಕಾಡಿಗೆ ಹೋಗಿ ಹಾವು ಕಚ್ಚಿ ಸಾಯುತ್ತಾನೆ. ಪ್ರಹ್ಲಾದನನ್ನು ಹೆತ್ತ ತಂದೆಯೇ ಕೊಲ್ಲಿಸಲು ಹೊರಡುತ್ತಾನೆ. ಹದಿನಾರು ವರ್ಷದ ಆಯುಷ್ಯವನ್ನಷ್ಟೇ ಪಡೆದುಬಂದ ಮಾರ್ಕಂಡೇಯ ಯಮನ ಪಾಶಕ್ಕೆ ಹೆದರಿ ಶಿವಲಿಂಗವನ್ನು ಅಪ್ಪಿಕೊಳ್ಳುತ್ತಾನೆ. ಮುಂದೆ ನಾಡನ್ನೆಲ್ಲ ನಗಿಸಿದ ನಟರು ತಮ್ಮ ಬಾಲ್ಯದ ರಾತ್ರಿಗಳನ್ನು ಪ್ರೇಕ್ಷಕರನ್ನು ಅಳಿಸುವುದರಲ್ಲಿಯೇ ಕಳೆದರೆಂಬುದು ಅವರ ಜೀವನಚರಿತ್ರೆಯ ಒಂದು ವಿಚಿತ್ರ.

ಲೋಹಿತಾಶ್ವನ ಪಾತ್ರ ನೋಡಲು ಸಣ್ಣದು, ಮಾಡಲು ಕಷ್ಟದ್ದು. ಸ್ಮಶಾನದ ದೃಶ್ಯದಲ್ಲಿ ಚಂದ್ರಮತಿಯ ಪಾತ್ರಧಾರಿ ಒಂದಾದ ಮೇಲೊಂದರಂತೆ ಶೋಕದ ಹಾಡುಗಳನ್ನು ಹಾಡುವಷ್ಟು ಹೊತ್ತೂ ಹುಡುಗ ಆಕೆಯ ಮಡಿಲಲ್ಲಿ ಹೆಣದಂತೆ ಅಲುಗಾಡದೆ ಮಲಗಿರಬೇಕು. ಅಪರಾತ್ರಿಯ ನಿದ್ದೆ ಎಳೆಯುತ್ತಿರುತ್ತದೆ, ದೀಪದ ಹುಳುಗಳು ಮೈಮೇಲೆ ಬೀಳುತ್ತಿರುತ್ತವೆ. ಕಣ್ಣೆವೆ ಅಲುಗಿದರೂ ನೆಲದ ಮೇಲೆ ಕುಳಿತ ಪ್ರೇಕ್ಷಕ ಕಂಡುಹಿಡಿದು ನಗುತ್ತಾನೆ. ಯಾವಾಗ ಅಲುಗಬೇಕು, ಯಾವಾಗ ಅಲುಗಬಾರದು ಎಂಬ ಲೆಕ್ಕವೇ ಹಾಸ್ಯನಟನಿಗೂ ಮುಖ್ಯವಾದ ವಿದ್ಯೆ. ನರಸಿಂಹರಾಜು ಅವರ ಚಿತ್ರಗಳನ್ನು ನೋಡಿದವರಿಗೆ, ಗಡಿಬಿಡಿಯ ನಡುವೆ ಅವರು ಥಟ್ಟನೆ ನಿಂತು ಬಿಟ್ಟಕಣ್ಣು ಬಿಟ್ಟಂತೆ ನೋಡುವ ಕ್ಷಣಗಳು ನೆನಪಿರುತ್ತವೆ.

ಬಾಲಕೃಷ್ಣನ ಪಾತ್ರದ ರೀತಿಯೇ ಬೇರೆ. ಬೆಣ್ಣೆ ಕದಿಯುವುದು, ಗೋಪಿಯರ ಮಡಕೆ ಒಡೆಯುವುದು, ಸಿಕ್ಕಿಬಿದ್ದಾಗ ಮುಗ್ಧನಂತೆ ಮುಖ ಮಾಡುವುದು, ಹೀಗೆ ಆ ಪಾತ್ರವೆಂದರೆ ತುಂಟತನದ ಪೂರ್ಣ ಪಾಠ. ಬೇರೆ ಹುಡುಗರು ಬೀದಿಯಲ್ಲಿ ಸುಮ್ಮನೆ ಮಾಡಿ ಬೈಸಿಕೊಳ್ಳುವ ಚೇಷ್ಟೆಗಳನ್ನು ಈ ಹುಡುಗ ಪ್ರತಿರಾತ್ರಿ ತಾಳ ತಪ್ಪದಂತೆ, ಮಾತು ಮರೆಯದಂತೆ, ಹೊಟ್ಟೆಪಾಡಿಗಾಗಿ ಮಾಡಬೇಕಾಗಿತ್ತು. ಮುಂದೆ ಅವರು ಅಭಿನಯಿಸಿದ ಕಿಡಿಗೇಡಿ ಪಾತ್ರಗಳಲ್ಲೆಲ್ಲ, ತಪ್ಪು ಮಾಡಿ ಏನೂ ಅರಿಯದವನಂತೆ ನಿಲ್ಲುವ ಆ ಮುಖಭಾವ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಹೊರದೇಶದ ಒಂದು ಹೋಲಿಕೆ ಇಲ್ಲಿ ಉಪಯುಕ್ತ. ನರಸಿಂಹರಾಜು ಅವರನ್ನು ಅಭಿಮಾನಿಗಳು ಕನ್ನಡದ ಚಾಪ್ಲಿನ್ ಎಂದು ಕರೆಯುವುದುಂಟು. ಇಂತಹ ಹೋಲಿಕೆಗಳು ಸಾಮಾನ್ಯವಾಗಿ ಹೊಗಳಿಕೆಯ ಮಾತುಗಳಷ್ಟೇ ಆಗಿರುತ್ತವೆ. ಆದರೆ ಬಾಲ್ಯದ ಮಟ್ಟಿಗೆ ಈ ಹೋಲಿಕೆಗೆ ಆಧಾರವಿದೆ. 1889ರಲ್ಲಿ ಹುಟ್ಟಿದ ಚಾರ್ಲಿ ಚಾಪ್ಲಿನ್ ಲಂಡನ್ನಿನ ಬಡವರ ಬೀದಿಗಳಲ್ಲಿ ಬೆಳೆದು, ಅನಾಥರೂ ನಿರ್ಗತಿಕರೂ ಇರುವ ಸರ್ಕಾರಿ ಆಶ್ರಯದಲ್ಲಿ ಕೆಲಕಾಲ ಕಳೆದು, ಹತ್ತು ವರ್ಷ ತುಂಬುವ ಮೊದಲೇ ಹುಡುಗರ ನೃತ್ಯತಂಡವೊಂದರಲ್ಲಿ ಕೆಲಸಕ್ಕೆ ಸೇರಿದರು. ಇಬ್ಬರೂ ಆಡುವ ವಯಸ್ಸಿನಲ್ಲಿ ಅಭಿನಯಿಸಿ ಅನ್ನ ಸಂಪಾದಿಸಿದವರು, ಇಬ್ಬರೂ ಶಾಲೆಯಲ್ಲಿ ಕಲಿತದ್ದಕ್ಕಿಂತ ತಂಡದಲ್ಲಿ ಕಲಿತದ್ದೇ ಹೆಚ್ಚು.

ಧ್ವನಿ ಒಡೆದ ಮೇಲೆ

ಬಾಲನಟನ ಬಾಳಿನಲ್ಲಿ ತಪ್ಪದೆ ಬರುವ ಸಂಕಟವೆಂದರೆ ಹರೆಯ. ಸಂಗೀತವೇ ಪ್ರಧಾನವಾಗಿದ್ದ ಕಂಪನಿ ನಾಟಕಗಳಲ್ಲಿ ಹುಡುಗನ ಧ್ವನಿ ಒಡೆಯಿತೆಂದರೆ ಅವನ ಬೆಲೆ ಇಳಿಯಿತೆಂದೇ ಅರ್ಥ. ಪ್ರಹ್ಲಾದನಾಗಲು ಅವನು ಎತ್ತರವಾಗಿಬಿಟ್ಟಿರುತ್ತಾನೆ, ನಾಯಕನಾಗಲು ಇನ್ನೂ ಮೀಸೆ ಮೂಡಿರುವುದಿಲ್ಲ. ಅನೇಕ ಹುಡುಗರು ಈ ಘಟ್ಟದಲ್ಲಿ ರಂಗಭೂಮಿಯನ್ನು ಬಿಟ್ಟು ಬೇರೆ ಕಸುಬು ಹಿಡಿದರು. ನರಸಿಂಹರಾಜು ಅವರ ಮಟ್ಟಿಗೆ ತೊಂದರೆ ಇನ್ನೂ ಒಂದು ಪಟ್ಟು ಹೆಚ್ಚಾಗಿತ್ತು. ಬೆಳೆದಂತೆ ಅವರ ಶರೀರ ರಾಜಪಾತ್ರಗಳಿಗೆ ಬೇಕಾದ ಗಾತ್ರವನ್ನು ಪಡೆಯಲಿಲ್ಲ. ಮುಖದಲ್ಲಿ ಎದ್ದುಕಾಣುತ್ತಿದ್ದುದು ಹಲ್ಲುಸಾಲು. ಕಿರೀಟ ಭುಜಕೀರ್ತಿಗಳ ರಂಗಭೂಮಿ ನಾಯಕನಿಂದ ಬಯಸುತ್ತಿದ್ದ ರೂಪ ಇದಲ್ಲ.

ಆದರೂ ಅವರು ರಂಗವನ್ನು ಬಿಡಲಿಲ್ಲ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತಾ, ಸಿಕ್ಕಿದ ಪಾತ್ರವನ್ನು ಮಾಡುತ್ತಾ ಬಂದರು. ಎಡತೊರೆ ಕಂಪನಿಯಲ್ಲಿ ಗಂಭೀರ ಪೌರಾಣಿಕ ಪಾತ್ರಗಳನ್ನೂ ನಿರ್ವಹಿಸಿದರು. ಕೆ. ಹಿರಣ್ಣಯ್ಯನವರ ಮಿತ್ರ ಮಂಡಳಿಯಲ್ಲಿಯೂ ದುಡಿದರು. ಸಾಮಾಜಿಕ ವಿಡಂಬನೆಗೆ ಹೆಸರಾಗಿದ್ದ ಹಿರಣ್ಣಯ್ಯನವರ ರಂಗದಲ್ಲಿ ಎದುರಿನ ನಟ ಬರೆದುಕೊಟ್ಟ ಮಾತನ್ನು ಬಿಟ್ಟು ಹೊಸದೊಂದನ್ನು ಎಸೆದರೆ ತಕ್ಷಣ ಉತ್ತರ ಕೊಡುವ ಚಾಕಚಕ್ಯತೆ ಬೇಕಾಗುತ್ತಿತ್ತು. ಮಾತಿಗೆ ಮಾತು ಜೋಡಿಸುವ ಈ ಕಲೆಯನ್ನು ಪುಸ್ತಕ ನೋಡಿ ಕಲಿಯಲು ಬರುವುದಿಲ್ಲ.

ಹಾಸ್ಯಗಾರನಿಗೆ ಕಂಪನಿ ನಾಟಕದಲ್ಲಿ ಒಂದು ಪ್ರಾಯೋಗಿಕ ಕರ್ತವ್ಯವೂ ಇತ್ತು. ಅರಮನೆಯ ದೃಶ್ಯ ಮುಗಿದು ಅರಣ್ಯದ ದೃಶ್ಯ ಬರಬೇಕಾದರೆ ಹಿಂದೆ ಸಜ್ಜಿಕೆ ಬದಲಾಗಬೇಕು. ಅಷ್ಟರಲ್ಲಿ ಮುಂದಿನ ಪರದೆಯನ್ನು ಇಳಿಬಿಟ್ಟು ಅದರ ಎದುರಿಗೆ ಹಾಸ್ಯ ಪ್ರಸಂಗವೊಂದನ್ನು ಆಡಿಸುತ್ತಿದ್ದರು. ಹಿಂದಿನ ಕೆಲಸ ಬೇಗ ಮುಗಿದರೆ ಪ್ರಸಂಗವನ್ನು ಮೊಟಕುಗೊಳಿಸಬೇಕು, ತಡವಾದರೆ ಎಳೆಯಬೇಕು. ಕೈಯಲ್ಲಿ ಯಾವ ಸಲಕರಣೆಯೂ ಇಲ್ಲದೆ, ಬರಿಯ ಮುಖ, ಕೈಕಾಲು ಮತ್ತು ನಾಲಗೆಯಿಂದ ಸಾವಿರಾರು ಜನರನ್ನು ಹಿಡಿದು ನಿಲ್ಲಿಸುವ ಕೆಲಸವದು. ಯಾವ ಶರೀರ ನಾಯಕಪಾತ್ರಕ್ಕೆ ಅಡ್ಡಿಯಾಗಿತ್ತೋ ಅದೇ ಶರೀರ ಇಲ್ಲಿ ಬಂಡವಾಳವಾಯಿತು. ಹಲ್ಲನ್ನು ಮರೆಮಾಡುವುದರ ಬದಲು ಅದನ್ನೇ ಮುಂದುಮಾಡಿ ನಗಿಸುವುದನ್ನು ಅವರು ಕಂಡುಕೊಂಡರು.

ಗುಬ್ಬಿ ಕಂಪನಿ

ಹಲವು ಕಂಪನಿಗಳ ಅನುಭವದ ನಂತರ ನರಸಿಂಹರಾಜು ಅವರು ಗುಬ್ಬಿ ಕಂಪನಿಯನ್ನು ಸೇರಿದರು. ಕಂಪನಿಯ ಒಡೆಯರಾದ ವೀರಣ್ಣನವರು ಸ್ವತಃ ಶ್ರೇಷ್ಠ ಹಾಸ್ಯನಟರಾಗಿದ್ದರು. ಸದಾರಮೆ ನಾಟಕದಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರ ನಾಡಿನಲ್ಲಿ ಮನೆಮಾತಾಗಿತ್ತು. ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತರುವಷ್ಟು ವೈಭವ ಈ ಕಂಪನಿಯದು. ಹಾಸ್ಯಗಾರನೇ ಯಜಮಾನನಾಗಿದ್ದ ಕಂಪನಿಯಲ್ಲಿ ಹಾಸ್ಯಪಾತ್ರವನ್ನು ಎರಡನೆಯ ದರ್ಜೆಯದೆಂದು ಯಾರೂ ಭಾವಿಸುವಂತಿರಲಿಲ್ಲ.

ಬೇಡರ ಕಣ್ಣಪ್ಪ ನಾಟಕದಲ್ಲಿ ನರಸಿಂಹರಾಜು ಅವರಿಗೆ ಅರ್ಚಕನ ಮಗ ಕಾಶಿಯ ಪಾತ್ರ ದೊರೆಯಿತು. ಮಡಿ ಆಚಾರಗಳ ಮನೆಯಲ್ಲಿ ಹುಟ್ಟಿ, ಅಪ್ಪನ ಕಣ್ಣು ತಪ್ಪಿಸಿ ತನ್ನಿಷ್ಟದಂತೆ ತಿರುಗುವ ಪುಂಡು ಹುಡುಗ ಈತ. ಈ ಪಾತ್ರ ಮಾಡುವಾಗ ನಟರಿಗೆ ಮೂವತ್ತರ ಹತ್ತಿರದ ವಯಸ್ಸು. ತೆಳ್ಳನೆಯ ಮೈಕಟ್ಟು ಮತ್ತು ಚೂಟಿತನದಿಂದಾಗಿ ಅವರು ಹದಿಹರೆಯದ ಹುಡುಗನಾಗಿಯೇ ಕಾಣುತ್ತಿದ್ದರು. ತಮ್ಮ ಹದಿಹರೆಯವನ್ನು ಕಂಪನಿಯಿಂದ ಕಂಪನಿಗೆ ಅಲೆಯುವುದರಲ್ಲಿ ಕಳೆದ ನಟರಿಗೆ ಹೆಸರು ತಂದುಕೊಟ್ಟದ್ದು ಹೀಗೆ ಒಬ್ಬ ಹದಿಹರೆಯದ ತುಂಟನ ಪಾತ್ರವೇ ಆಯಿತು.

ಬೇಡರ ಕಣ್ಣಪ್ಪ ಚಲನಚಿತ್ರ

ವೀರಣ್ಣನವರು ಮದರಾಸಿನ ಎ.ವಿ.ಎಂ. ಸಂಸ್ಥೆಯೊಡನೆ ಸೇರಿ ಈ ನಾಟಕವನ್ನು ಚಲನಚಿತ್ರವಾಗಿಸಿದರು. ನಿರ್ದೇಶಕರು ಎಚ್. ಎಲ್. ಎನ್. ಸಿಂಹ. ನಾಯಕನ ಪಾತ್ರಕ್ಕೆ ಆಯ್ಕೆಯಾದ ಮುತ್ತುರಾಜ್ ಎಂಬ ಯುವಕನಿಗೆ ರಾಜ್‌ಕುಮಾರ್ ಎಂಬ ಹೆಸರು ಬಂದದ್ದು ಈ ಚಿತ್ರದಿಂದಲೇ. ಪಂಡರಿಬಾಯಿ ನಾಯಕಿಯಾಗಿದ್ದರು, ಜಿ. ವಿ. ಅಯ್ಯರ್ ಅರ್ಚಕನಾಗಿದ್ದರು. ರಂಗದ ಮೇಲೆ ಕಾಶಿಯಾಗಿದ್ದ ನರಸಿಂಹರಾಜು ತೆರೆಯ ಮೇಲೂ ಕಾಶಿಯಾದರು. 1954ರಲ್ಲಿ ಬಿಡುಗಡೆಯಾದ ಚಿತ್ರ ಜನಮನ್ನಣೆ ಗಳಿಸಿತು, ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪ್ರಶಸ್ತಿಪತ್ರವನ್ನೂ ಪಡೆಯಿತು.

ರಾಜ್‌ಕುಮಾರ್, ಅಯ್ಯರ್, ನರಸಿಂಹರಾಜು ಮೂವರೂ ಕಂಪನಿಯ ಊಟ ಉಂಡು ಬೆಳೆದವರು. ಚಿತ್ರ ಗೆದ್ದಿತೆಂದ ಮಾತ್ರಕ್ಕೆ ಇವರ ಬದುಕು ಹಸನಾಗಲಿಲ್ಲ. ಆಗ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟು. ಅವೂ ಮದರಾಸಿನ ಸ್ಟುಡಿಯೋಗಳಲ್ಲಿ, ತಮಿಳು ಮತ್ತು ತೆಲುಗು ಚಿತ್ರಗಳ ಬಿಡುವಿನಲ್ಲಿ ತಯಾರಾಗುತ್ತಿದ್ದವು. ಕನ್ನಡ ಕಲಾವಿದರು ಪರ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಅವಕಾಶಕ್ಕಾಗಿ ಕಾಯಬೇಕಾಗಿತ್ತು.

ಕಲಾವಿದರ ಸಂಘ ಮತ್ತು ರಣಧೀರ ಕಂಠೀರವ

ಈ ಕಷ್ಟಕ್ಕೆ ಅವರು ಕಂಡುಕೊಂಡ ಪರಿಹಾರ ಕಂಪನಿಯವರಿಗೆ ಸಹಜವಾದುದೇ ಆಗಿತ್ತು. ರಾಜ್‌ಕುಮಾರ್, ಜಿ. ವಿ. ಅಯ್ಯರ್, ಟಿ. ಎನ್. ಬಾಲಕೃಷ್ಣ ಮತ್ತು ನರಸಿಂಹರಾಜು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಚಿತ್ರಗಳಿಲ್ಲದ ದಿನಗಳಲ್ಲಿ ಊರೂರಿಗೆ ಹೋಗಿ ನಾಟಕವಾಡಿದರು. ತೆರೆಯ ಮೇಲೆ ಕಂಡಿದ್ದ ಮುಖಗಳನ್ನು ಎದುರಿಗೇ ನೋಡಲು ಜನ ಮುಗಿಬಿದ್ದರು. ಹೀಗೆ ಕೂಡಿದ ಹಣದ ಆಧಾರದ ಮೇಲೆ ಸಂಘ ತನ್ನದೇ ಚಿತ್ರವನ್ನು ನಿರ್ಮಿಸಿತು. ಮೈಸೂರಿನ ಅರಸ ರಣಧೀರ ಕಂಠೀರವ ನರಸರಾಜ ಒಡೆಯರ ಕಥೆಯನ್ನಾಧರಿಸಿದ ರಣಧೀರ ಕಂಠೀರವ 1960ರಲ್ಲಿ ತೆರೆಕಂಡು ಯಶಸ್ವಿಯಾಯಿತು. ಕಲಾವಿದರೇ ಒಟ್ಟಾಗಿ ನಿರ್ಮಾಪಕರಾದ ಈ ಪ್ರಯತ್ನ ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ಮುಖ್ಯವಾದುದು. ನರಸಿಂಹರಾಜು ಅವರನ್ನು ಕೇವಲ ನಗಿಸುವ ನಟರೆಂದು ನೋಡುವವರು ಈ ಭಾಗವನ್ನು ಮರೆಯುವುದೇ ಹೆಚ್ಚು.

ಚಿತ್ರಜೀವನ

1950ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ನರಸಿಂಹರಾಜು ಇಲ್ಲದ ಕನ್ನಡ ಚಿತ್ರಗಳೇ ವಿರಳವಾಗಿದ್ದವು. ಸೋದರಿ, ರಾಯರ ಸೊಸೆ, ರತ್ನಗಿರಿ ರಹಸ್ಯ, ಸ್ಕೂಲ್ ಮಾಸ್ಟರ್, ಅಬ್ಬಾ ಆ ಹುಡುಗಿ, ಕಿತ್ತೂರು ಚೆನ್ನಮ್ಮ ಮೊದಲಾಗಿ ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಲ್ಲ ಬಗೆಯ ಚಿತ್ರಗಳಲ್ಲಿಯೂ ಅವರಿಗೆ ಪಾತ್ರವಿರುತ್ತಿತ್ತು. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ ಪಡೆದು ಆಮೇಲೆ ರಾಜ್‌ಕುಮಾರ್ ಅವರ ದಿನಾಂಕ ಕೇಳುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮಾತಿನಲ್ಲಿ ಅತಿಶಯೋಕ್ತಿ ಇದ್ದರೂ ಅವರಿಗಿದ್ದ ಬೇಡಿಕೆಯ ಅಳತೆ ಅದರಿಂದ ತಿಳಿಯುತ್ತದೆ. ಹಳೆಯ ಕೋಲಾರ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಗಡಿಸೀಮೆಯ ಊರುಗಳಲ್ಲಿ ಕನ್ನಡ ತೆಲುಗು ಎರಡೂ ಚಿತ್ರಗಳನ್ನು ನೋಡುವ ಪ್ರೇಕ್ಷಕರಿದ್ದರು. ಟೆಂಟಿನ ಮುಂದೆ ಅಂಟಿಸಿದ ಪೋಸ್ಟರಿನಲ್ಲಿ ನರಸಿಂಹರಾಜು ಅವರ ಮುಖವಿದ್ದರೆ ಮಕ್ಕಳಿಗೆ ಬೇರೆ ಪ್ರಚಾರ ಬೇಕಾಗುತ್ತಿರಲಿಲ್ಲ.

ಅವರ ಪಾತ್ರಗಳಲ್ಲಿ ಎರಡನ್ನು ಪ್ರತ್ಯೇಕವಾಗಿ ಹೇಳಬೇಕು. ಮೊದಲನೆಯದು 1965ರ ಸತ್ಯ ಹರಿಶ್ಚಂದ್ರ ಚಿತ್ರದ ನಕ್ಷತ್ರಿಕ. ವಿಶ್ವಾಮಿತ್ರನ ಶಿಷ್ಯನಾದ ನಕ್ಷತ್ರಿಕ ರಾಜ್ಯ ಕಳೆದುಕೊಂಡ ಹರಿಶ್ಚಂದ್ರನ ಬೆನ್ನುಹತ್ತಿ, ಸಾಲದ ಹಣಕ್ಕಾಗಿ ದಾರಿಯುದ್ದಕ್ಕೂ ಪೀಡಿಸುವವನು. ಕಥೆಯ ಪ್ರಕಾರ ಆತ ಕ್ರೂರಿ. ಕಾಡುವುದೇ ಅವನ ಕೆಲಸ. ನರಸಿಂಹರಾಜು ಅವರ ಅಭಿನಯದಲ್ಲಿ ಆ ಕಾಟ ನಗು ತರಿಸುತ್ತದೆ, ಆದರೆ ನೋಡುವವರ ಮನಸ್ಸಿನಿಂದ ರಾಜನ ಸಂಕಟ ಮರೆಯಾಗುವುದಿಲ್ಲ. ಬಾಲ್ಯದಲ್ಲಿ ಇದೇ ಕಥೆಯ ಲೋಹಿತಾಶ್ವನಾಗಿ 'ಮಾರಾಟವಾದ' ಹುಡುಗ ನಲವತ್ತು ದಾಟಿದ ಮೇಲೆ ಅದೇ ಕಥೆಯಲ್ಲಿ ಸಾಲ ವಸೂಲಿ ಮಾಡುವವನಾದದ್ದು ಒಂದು ಕಾಕತಾಳೀಯ. ಹರಿಶ್ಚಂದ್ರನ ಕಥೆಯನ್ನು ಒಳಗಿನಿಂದ ಇಷ್ಟು ಬಲ್ಲ ಹಾಸ್ಯನಟ ಬೇರೊಬ್ಬರಿರಲಿಲ್ಲ.

ಎರಡನೆಯದು 1970ರಲ್ಲಿ ಬಿ. ಆರ್. ಪಂತುಲು ನಿರ್ದೇಶಿಸಿದ ಶ್ರೀ ಕೃಷ್ಣದೇವರಾಯ ಚಿತ್ರದ ತೆನಾಲಿ ರಾಮಕೃಷ್ಣ. ರಾಜಸಭೆಯಲ್ಲಿ ಬುದ್ಧಿಯೊಂದನ್ನೇ ಆಯುಧವಾಗಿಸಿಕೊಂಡ ವಿಕಟಕವಿಯ ಪಾತ್ರ ಇದು. ಇಲ್ಲಿ ಅವರು ಕುಣಿದಾಟ ಕಡಿಮೆ ಮಾಡಿ ಮಾತಿನ ಓಘವನ್ನು ನೆಚ್ಚಿದರು. ರಾಜ್‌ಕುಮಾರ್ ಅವರ ರಾಯ ಮತ್ತು ಪಂತುಲು ಅವರ ತಿಮ್ಮರಸುವಿನ ಎದುರು ಈ ಸಣ್ಣ ಆಕಾರದ ಕವಿ ಎಲ್ಲಿಯೂ ಮಂಕಾಗುವುದಿಲ್ಲ.

ಬಾಲಕೃಷ್ಣ ಅವರೊಡನೆ ನರಸಿಂಹರಾಜು ಅವರ ಜೋಡಿ ಬಹಳ ಜನಪ್ರಿಯವಾಗಿತ್ತು. ಬಾಲಕೃಷ್ಣ ಅವರಿಗೆ ಕಿವಿ ಮಂದ. ಎದುರಿನವರ ತುಟಿಯ ಚಲನೆ ನೋಡಿ ಅವರು ಮಾತು ಹಿಡಿಯುತ್ತಿದ್ದರು. ಬಡತನದಿಂದ ಬಂದು ಕಂಪನಿಯಲ್ಲಿ ಪಳಗಿದ ಇಬ್ಬರ ನಡುವೆ ಮಾತಿನ ಲಯ ತಪ್ಪುತ್ತಿರಲಿಲ್ಲ. ಒಬ್ಬರದು ನಿಧಾನವಾಗಿ ಒಳಗೇ ಹೊಂಚುವ ಕಪಟ, ಇನ್ನೊಬ್ಬರದು ಸಿಡಿಯುವ ಚಡಪಡಿಕೆ. ಹಾಸ್ಯಜೋಡಿಯ ನಾಯಕಿಯರಾಗಿ ಎಂ. ಎನ್. ಲಕ್ಷ್ಮೀದೇವಿ, ಬಿ. ಜಯಾ ಮೊದಲಾದವರು ಇವರೊಡನೆ ಅನೇಕ ಚಿತ್ರಗಳಲ್ಲಿ ನಟಿಸಿದರು. 1968ರ ಜೇಡರ ಬಲೆ, ಗೋವಾದಲ್ಲಿ ಸಿ.ಐ.ಡಿ. 999 ಚಿತ್ರಗಳಿಂದ ಪತ್ತೇದಾರಿ ಕಥೆಗಳ ಅಲೆ ಎದ್ದಾಗಲೂ ಅವರು ಹೊಸ ರೀತಿಗೆ ಸುಲಭವಾಗಿ ಹೊಂದಿಕೊಂಡರು.

1967ರ ನಕ್ಕರೆ ಅದೇ ಸ್ವರ್ಗ ಚಿತ್ರದಲ್ಲಿ ನರಸಿಂಹರಾಜು ಅವರೇ ಪ್ರಧಾನ ಪಾತ್ರದಲ್ಲಿದ್ದರು. ಸಂಗೀತ ನಿರ್ದೇಶಕ ಎಂ. ರಂಗರಾವ್ ಕನ್ನಡಕ್ಕೆ ಬಂದದ್ದು ಈ ಚಿತ್ರದಿಂದ. 1974ರಲ್ಲಿ ತಾವೇ ನಿರ್ಮಿಸಿದ ಪ್ರೊಫೆಸರ್ ಹುಚ್ಚೂರಾಯ ಚಿತ್ರದಲ್ಲಿ ಶೀರ್ಷಿಕೆ ಪಾತ್ರವನ್ನು ವಹಿಸಿದರು.

ಅಭಿನಯದ ರೀತಿ

ನರಸಿಂಹರಾಜು ಅವರ ಹಾಸ್ಯ ಬಹುಮಟ್ಟಿಗೆ ದೇಹದ ಹಾಸ್ಯ. ಓಡುವುದು, ಎಡವುವುದು, ಬೆಚ್ಚಿಬೀಳುವುದು, ಬಾಯಿಬಿಟ್ಟು ನಿಲ್ಲುವುದು ಇವುಗಳಲ್ಲಿ ಒಂದು ಖಚಿತವಾದ ಲಯವಿರುತ್ತದೆ. ಹಿನ್ನೆಲೆ ಸಂಗೀತವನ್ನು ಮುಚ್ಚಿ ನೋಡಿದರೂ ತಾಳ ಕೇಳಿಸಿದಂತಾಗುತ್ತದೆ. ಅವರ ಪಾತ್ರಗಳು ಸಾಮಾನ್ಯವಾಗಿ ಕೆಳಗಿನ ಸ್ತರದ ಮನುಷ್ಯರು: ಸೇವಕ, ಶಿಷ್ಯ, ಕೆಲಸ ಹುಡುಕುವವ, ಮಾವನ ಮನೆಯ ಅಳಿಯ, ಯಜಮಾನನ ಬೈಗುಳ ತಿನ್ನುವ ಗುಮಾಸ್ತ. ಇವರಿಗೆ ಸದಾ ಹಸಿವು, ಸದಾ ಭಯ. ತೋಳಿನ ಬಲವಿಲ್ಲದುದರಿಂದ ಇವರು ಸುಳ್ಳು, ಉಪಾಯ ಮತ್ತು ಓಟದಿಂದ ಬದುಕುತ್ತಾರೆ. ಊಟದ ಎಲೆಯ ಮುಂದೆ ಅವರ ಮುಖದಲ್ಲಿ ಕಾಣುವ ಆಸೆಯನ್ನು ಅಭಿನಯವೆನ್ನುವುದು ಕಷ್ಟ. ಕಲೆಕ್ಷನ್ ಇಲ್ಲದ ಕ್ಯಾಂಪುಗಳನ್ನು ಕಂಡ ನಟ ಅದನ್ನು ಬೇರೆಲ್ಲಿಯೂ ಹುಡುಕಬೇಕಾಗಿರಲಿಲ್ಲ.

ದೋಷವಿರಲಿಲ್ಲವೆಂದು ಹೇಳುವುದು ಸರಿಯಲ್ಲ. ವರ್ಷಕ್ಕೆ ಹತ್ತಾರು ಚಿತ್ರಗಳಲ್ಲಿ ನಟಿಸುವಾಗ ಒಂದೇ ಬಗೆಯ ಪ್ರಸಂಗಗಳು ಮರುಕಳಿಸಿದವು. ಮುಖ್ಯ ಕಥೆಗೆ ಸಂಬಂಧವಿಲ್ಲದ ಹಾಸ್ಯದ ಎಳೆಯನ್ನು ಪ್ರತ್ಯೇಕವಾಗಿ ಪೋಣಿಸುವ ಕ್ರಮ ಆಗ ರೂಢಿಯಲ್ಲಿತ್ತು, ಇದೂ ಕಂಪನಿ ನಾಟಕದ ಪರದೆಯ ಮುಂದಿನ ಪ್ರಸಂಗದಿಂದಲೇ ಬಂದದ್ದು. ಇಂತಹ ಕಡೆಗಳಲ್ಲಿ ಬರವಣಿಗೆ ಸಪ್ಪೆಯಾಗಿದ್ದರೂ ನಟನ ಚುರುಕುತನವೇ ದೃಶ್ಯವನ್ನು ಎತ್ತಿಹಿಡಿಯಬೇಕಾಗಿತ್ತು. ಒಳ್ಳೆಯ ಪಾತ್ರ ಸಿಕ್ಕಿದಾಗ ಅವರು ಎಷ್ಟು ಎತ್ತರಕ್ಕೆ ಹೋಗಬಲ್ಲವರಾಗಿದ್ದರೆಂಬುದಕ್ಕೆ ನಕ್ಷತ್ರಿಕನೇ ಸಾಕ್ಷಿ.

ಕೊನೆಯ ದಿನಗಳು

1970ರ ದಶಕದಲ್ಲಿ ಕನ್ನಡ ಚಿತ್ರಗಳ ರೀತಿ ಬದಲಾಯಿತು. ಕಾದಂಬರಿ ಆಧಾರಿತ ಚಿತ್ರಗಳು, ಹೊಸ ಅಲೆಯ ಚಿತ್ರಗಳು ಬಂದವು. ದ್ವಾರಕೀಶ್ ಮೊದಲಾದ ಕಿರಿಯರು ಹಾಸ್ಯಪಾತ್ರಗಳಲ್ಲಿ ಮುಂದೆ ಬಂದರು. ಚಿತ್ರೀಕರಣದ ಕೇಂದ್ರ ಕ್ರಮೇಣ ಮದರಾಸಿನಿಂದ ಬೆಂಗಳೂರಿಗೆ ಸರಿಯಿತು. ನರಸಿಂಹರಾಜು ಅವರ ಪಾತ್ರಗಳ ಸಂಖ್ಯೆ ಹಿಂದಿನಂತಿರಲಿಲ್ಲವಾದರೂ ಕೊನೆಯವರೆಗೂ ಅವರು ನಟಿಸುತ್ತಲೇ ಇದ್ದರು. 1979ರ ಜುಲೈ ತಿಂಗಳಿನಲ್ಲಿ, ಐವತ್ತಾರು ವರ್ಷ ತುಂಬಲು ಕೆಲವೇ ದಿನಗಳಿರುವಾಗ, ಹೃದಯಾಘಾತದಿಂದ ನಿಧನರಾದರು. ಬದುಕಿದ್ದ ಐವತ್ತೈದು ವರ್ಷಗಳಲ್ಲಿ ಐವತ್ತೊಂದನ್ನು ಅವರು ಬಣ್ಣ ಹಚ್ಚಿಯೇ ಕಳೆದಿದ್ದರು.

ಅವರ ಪುತ್ರಿ ಸುಧಾ ನರಸಿಂಹರಾಜು ಕಿರುತೆರೆ ಹಾಗೂ ಚಲನಚಿತ್ರಗಳ ನಟಿ. 2023ರ ಜುಲೈ 24ಕ್ಕೆ ನರಸಿಂಹರಾಜು ಅವರು ಜನಿಸಿ ನೂರು ವರ್ಷಗಳಾದವು. ಅವರ ಕಪ್ಪು ಬಿಳುಪಿನ ಚಿತ್ರಗಳು ದೂರದರ್ಶನ ವಾಹಿನಿಗಳಲ್ಲಿ ಇಂದಿಗೂ ಪ್ರಸಾರವಾಗುತ್ತಿವೆ.